ಜೋಳ ಹೆಚ್ಚಿದ ಮನೆ

ಬರ್ರಿ, ಕೂಡ್ರಿ. ಕೈಯಾಗಿನ ಕೆಲಸ ಒಂದಿಷ್ಟು ಹೊತ್ತು ಬದಿಗಿಡ್ರಿ. ಕೂಸಿದ್ದವರು ಕೂಸನ್ನ ತೊಡೆ ಮೇಲೆ ಹಾಕಿಕೊಂಡು ಕೇಳ್ರಿ. ಪೂಜ್ಯ ಶಂಭುಲಿಂಗ ಅಜ್ಜನವರ ಪ್ರಸಂಗ ಇದು. ನಡುವೆ ಯಾರಾದರೂ ಸೀನಿದರೆ ಸೀನಲಿ, ಅದಕ್ಕೆ ಹೆದರಿ ಕಥೆಯನ್ನೇನೂ ನಿಲ್ಲಿಸುವುದಿಲ್ಲ.

ಮಗ್ಗದಹಾಳ ಅಂತ ನೇಕಾರರ ಊರು. ಊರ ಹೊರಗೆ ಹುಣಸೆಮರದ ಕೆಳಗೆ ಅಜ್ಜನವರ ಮಠ. ಮಠ ಅಂದರೆ ಕಲ್ಲಿನ ಕಟ್ಟಡ ಅಂದುಕೊಳ್ಳಬೇಡಿ. ಮಣ್ಣಿನ ಗೋಡೆ, ಮೇಲೆ ಜೋಳದ ದಂಟಿನ ಹೊದಿಕೆ, ಒಳಗೆ ಒಂದು ಒಲೆ. ಅಜ್ಜನವರಿಗೆ ಹಾಸಲಿಕ್ಕೂ ಹೊದೆಯಲಿಕ್ಕೂ ಒಂದೇ ಕೌದಿ. ಆ ವರ್ಷ ನೂಲು ಬರುವುದು ನಿಂತು ಊರಿನ ಮಗ್ಗಗಳೆಲ್ಲ ಮೂಕಾದವು. ಅಜ್ಜನವರು ಸುತ್ತಲ ಹಳ್ಳಿಗಳಲ್ಲಿ ಜೋಳಿಗೆ ಹಿಡಿದು ಜೋಳ ಕೂಡಿಸಿ ತಂದು, ಶಿಷ್ಯ ಓಬಯ್ಯನ ತಲೆಯ ಮೇಲೆ ಚೀಲ ಹೊರಿಸಿ ಮನೆಮನೆಗೆ ಕಳಿಸುತ್ತಿದ್ದರು. "ಇಲ್ಲ ಅಂದವರಿಗೆ ಕೊಡು, ಅದಾವ ಅಂದವರನ್ನ ದಾಟು," ಇಷ್ಟೇ ಅವರ ಅಪ್ಪಣೆ. ಜೋಳವೂ ಕಡಿಮೆ ಇತ್ತು ನೋಡಿ.

ಆ ಊರಿನಲ್ಲೇ ಬನವ್ವ ಅಂತ ಒಬ್ಬ ಹೆಂಗಸು. ಅವಳ ಸೊಸೆ ಶಾಕವ್ವ. ಮಗ ದೇವಲಪ್ಪ ಗಿರಣಿ ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ, ಸೊಸೆ, ಸೊಸೆಯ ಮೊಲೆ ಕುಡಿಯುವ ಕೂಸು, ಇಷ್ಟೇ ಮಂದಿ. ಹಾಂ, ಮತ್ತೆ ಬನವ್ವನ ಶಕುನಗಳು! ಆ ಶಕುನಗಳ ನಡುವೆ ಮನುಷ್ಯರಿಗೆ ಕಾಲಿಡಲು ಜಾಗ ಇರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ನೀರಿಗೆ ಹೋಗುವಂತಿಲ್ಲ. ಒಂಟಿ ಸೀನು ಬಿದ್ದರೆ ಎದ್ದವಳು ಮತ್ತೆ ಕೂಡಬೇಕು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಗಡಿಗೆ ಬರಿದಾಯಿತು ಅನ್ನಬಾರದು, ತುಂಬಿತು ಅನ್ನಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟು ಒಂದಿತ್ತು: ಕಾಳು ತೀರಿದರೆ 'ಇಲ್ಲ' ಅನ್ನಬಾರದು, 'ಹೆಚ್ಚ್ಯಾವ' ಅನ್ನಬೇಕು. ಇಲ್ಲ ಅಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳಂತೆ.

ಈ ಓಬಯ್ಯ ತೆಲುಗು ಸೀಮೆಯವನು. ಕನ್ನಡ ಬರುತ್ತಿತ್ತು, ಕನ್ನಡದ ಒಳಗಿನ ಈ ಸುತ್ತುದಾರಿ ಬರುತ್ತಿರಲಿಲ್ಲ. ಬಾಗಿಲಿಗೆ ಬಂದು, "ತಾಯೀ, ಜ್ವಾಳ ಅದಾವೋ ಇಲ್ಲೋ?" ಎಂದ.

"ಹೆಚ್ಚ್ಯಾವಪ್ಪ," ಎಂದಳು ಬನವ್ವ.

"ಭಾಗ್ಯವಂತರು!" ಎಂದು ಕೈಮುಗಿದು ಚೀಲ ಹೊತ್ತು ಮುಂದಿನ ಮನೆಗೆ ನಡೆದ.

ಒಳಗೆ ಶಾಕವ್ವ ತಲೆ ತಲೆ ಬಡಿದುಕೊಂಡಳು. "ಅತ್ತೀ, ಅಂವಗ ತಿಳೀಲಿಲ್ಲ. ಕರೀರಿ ಅವನ್ನ!"

"ಹೊಂಟವರನ್ನ ಹಿಂದಿನಿಂದ ಕರೀಬಾರದು," ಎಂದಳು ಬನವ್ವ.

"ಹಂಗಾರ ನಾನಾ ಹೋಗಿ ಇಲ್ಲ ಅಂತ ಹೇಳಿ ಬರ್ತೀನಿ."

"ಹೇಳು. ಆಮ್ಯಾಲೆ ಕೂಸಿನ ಮ್ಯಾಲೆ ಬಂದ್ರ ನನ್ನ ಮುಂದ ಅಳಬ್ಯಾಡ."

ಶಾಕವ್ವ ಹೊಸ್ತಿಲಿಗಿಟ್ಟ ಕಾಲು ಹಿಂದಕ್ಕೆ ತೆಗೆದಳು. ಕೂಸಿನ ಮಾತು ಬಂದ ಮೇಲೆ ಯಾವ ತಾಯಿಗೆ ಧೈರ್ಯ ಬಂದೀತು? ಮುಂದಿನ ವಾರವೂ ಓಬಯ್ಯ ಬಂದ. "ಹೆಚ್ಚ್ಯಾವೇನು?" ಅಂತ ತಾನೇ ಕೇಳಿ, ತಾನೇ ಸಂತೋಷಪಟ್ಟು ಹೋದ. ಅತ್ತೆ ಸೊಸೆ ಹುಣಸೆ ಚಿಗುರು ಬೇಯಿಸಿ ತಿಂದರು. ಶಾಕವ್ವನ ಎದೆಯ ಹಾಲು ಬತ್ತಿತು. ಕೂಸು ಮೊದಮೊದಲು ಚೀರುತ್ತಿತ್ತು, ಆಮೇಲೆ ಚೀರುವುದನ್ನೂ ಬಿಟ್ಟು ಸುಮ್ಮನೆ ಬಾಯಿ ತೆರೆದು ಮುಚ್ಚತೊಡಗಿತು. ಅದನ್ನು ಕಂಡ ಶಾಕವ್ವ ಅತ್ತೆಯನ್ನು ಒಂದು ಮಾತೂ ಕೇಳದೆ ಕೂಸನ್ನೆತ್ತಿಕೊಂಡು ಮಠಕ್ಕೆ ನಡೆದಳು. ದಾರಿಗೆ ಬೆಕ್ಕು ಅಡ್ಡ ಬಂತು. "ನಿನ್ನ ಮನಿ ಹಾಳಾಗ, ನೀನೊಂದು ಉಳಿದಿದ್ದಿ," ಎಂದು ಅದನ್ನೇ ಅಟ್ಟಿಸಿಕೊಂಡು ದಾಟಿದಳು.

ಅಜ್ಜನವರು ಕೌದಿಗೆ ತೇಪೆ ಹಾಕುತ್ತ ಕುಳಿತಿದ್ದರು. ದೂರದೂರಿನ ಯಾತ್ರಿಕರು ಒಂದಿಷ್ಟು ಜನ ನೆರಳಿಗೆ ಕೂತಿದ್ದರು.

"ಅಜ್ಜಾರ, ನಿಮ್ಮ ಓಬಯ್ಯನ ಕಿವಿ ಹಿಂಡ್ರಿ!" ಎಂದಳು ಶಾಕವ್ವ, ನಮಸ್ಕಾರವನ್ನೂ ಮರೆತು. "ಊರಿಗೆಲ್ಲಾ ಕೊಡ್ತಾನ, ನಮ್ಮನ್ನ ದಾಟ್ತಾನ!"

"ಯಾಕವ್ವಾ, ಮನ್ಯಾಗ ಜ್ವಾಳ ಇಲ್ಲೇನು?"

ಶಾಕವ್ವ ಬಾಯಿ ತೆರೆದಳು. ಕೂಸಿನ ಮುಖ ನೋಡಿದಳು. ಹುಟ್ಟಿದ ಮನೆಯಲ್ಲಿ ತಾಯಿ ಹೇಳಿದ್ದೂ ಅದೇ, ಕೊಟ್ಟ ಮನೆಯಲ್ಲಿ ಅತ್ತೆ ಹೇಳಿದ್ದೂ ಅದೇ. ಎಷ್ಟು ಹೊರಳಿಸಿದರೂ ನಾಲಿಗೆ ಹೊರಳಲಿಲ್ಲ. "ಹೆಚ್ಚ್ಯಾವ್ರಿ..." ಎಂದವಳೇ ತನ್ನ ಮೇಲೇ ಸಿಟ್ಟು ಬಂದು ಹೋ ಎಂದು ಅತ್ತಳು.

"ನೋಡ್ರಿ ಬುದ್ದೀ, ಇವರೂ ಅದನ್ನೇ ಹೇಳ್ತಾರ! ನನ್ನ ಕಿವಿ ಯಾಕ ಹಿಂಡಬೇಕು?" ಎಂದ ಅಲ್ಲೇ ಒಲೆಯ ಮುಂದೆ ಕೂತಿದ್ದ ಓಬಯ್ಯ.

ಅಜ್ಜನವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದರು. "ಹೆಚ್ಚಿದ್ದನ್ನ ಹಂಚಬೇಕು. ಇವತ್ತಿನ ಪ್ರಸಾದ ನಿಮ್ಮ ಮನ್ಯಾಗ," ಎಂದರು. ಯಾತ್ರಿಕರನ್ನೆಲ್ಲ ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಮಹಾತ್ಮರು ತಾವಾಗಿ ಮನೆಗೆ ಬಂದರೆ ಬಾಗಿಲು ಹಾಕುವವರುಂಟೇ? ಬನವ್ವ ಪಾದಕ್ಕೆ ನೀರು ಕೊಟ್ಟಳು, ಕಂಬಳಿ ಹಾಸಿದಳು. ಯಾತ್ರಿಕರು ಸಾಲಾಗಿ ಕೂತು ಮುತ್ತುಗದ ಎಲೆ ಮುಂದಿಟ್ಟುಕೊಂಡರು. ಅಜ್ಜನವರೂ ಎಲೆ ಹಾಕಿಕೊಂಡರು.

"ಬಡಿಸು ತಾಯಿ."

"ಅಜ್ಜಾರ... ರೊಟ್ಟಿ ಹಿಟ್ಟು... ಹೆಚ್ಚೇತ್ರಿ."

"ಬಾಳ ಛಲೋ ಆತು. ಬಡಿಸು."

"ಹಂಗಲ್ರೀ. ಕಾಳಿನ ಗಡಗಿ ತುಂಬೇತ್ರಿ."

"ತುಂಬಿದ್ದರ ಬಡಿಸು ತಾಯಿ. ಹಸಿದೇವಿ."

ಬಾಗಿಲ ಮರೆಯಲ್ಲಿ ನಿಂತ ಶಾಕವ್ವ ಹಲ್ಲು ಕಚ್ಚಿಕೊಂಡಳು. ಹೇಳಬಾರದೇ ಈ ಮುದುಕಿ! ಒಂದೇ ಒಂದು ಮಾತು! ಬನವ್ವ ಒಳಗೆ ಹೋದಳು, ಹೊರಗೆ ಬಂದಳು, ಸೆರಗು ಹಿಂಡಿದಳು. ಕಡೆಗೆ ನೆಲಕ್ಕೆ ಕುಸಿದು ಕೂತು, "ಇಲ್ರೀ ಅಜ್ಜಾರ, ಇಲ್ಲ! ಒಂದು ಕಾಳೂ ಇಲ್ಲ!" ಎಂದು ಕೂಗಿದಳು. ಕೂಗಿದವಳೇ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂಸಿನ ಕಡೆ ನೋಡಿದಳು, ಅದು ಈಗಲೇ ಹೋಯಿತೇನೋ ಎನ್ನುವ ಹಾಗೆ.

ಕೂಸು ಬಾಯಿ ಚಪ್ಪರಿಸಿತು.

ಬನವ್ವ ಬಿಕ್ಕುತ್ತ ಹೇಳಿದಳು: ತಾನು ಹೊಸ ಸೊಸೆಯಾಗಿ ಬಂದಾಗ ದೀಪ ಹಚ್ಚುವ ಹೊತ್ತಿನಲ್ಲಿ ಮಾವ ಎಣ್ಣೆ ಕೇಳಿದ್ದರು, ತಾನು ಇಲ್ಲ ಅಂದಿದ್ದಳು. ಅದೇ ವಾರ ಮಾವ ತೀರಿಕೊಂಡರು. ನಿನ್ನ ನಾಲಿಗೆಯೇ ಅವರನ್ನ ತಿಂದಿತು ಎಂದು ಮನೆಯವರೆಲ್ಲ ಆಡಿಕೊಂಡರು. ಅವತ್ತಿನಿಂದ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ಅಜ್ಜನವರು ಕೇಳಿದರು: "ಅವತ್ತು ಮನ್ಯಾಗ ಎಣ್ಣಿ ಇತ್ತೇನು?"

"ಇರಲಿಲ್ರಿ."

"ಮತ್ತ ನೀ ಖರೇ ಹೇಳಿದಿ ತಾಯಿ. ಖರೇ ಹೇಳಿದ್ದಕ್ಕ ದೇವರು ಜೀವ ತಗೊಳ್ಳೋದಿಲ್ಲ." ಒಳಗಿನ ಗಡಿಗೆಯ ಕಡೆ ಕೈ ಮಾಡಿ ಮತ್ತೆ ಹೇಳಿದರು: "ತುಂಬೇತಿ ಅಂದ ಗಡಗ್ಯಾಗ ದೇವರು ಎಲ್ಲಿ ಹಾಕ್ಯಾನು? ಇಲ್ಲ ಅಂದಿಯಲ್ಲ, ಈಗ ಕೊಡಲಿಕ್ಕೆ ಜಾಗ ಆತು."

ಓಬಯ್ಯ ಮಠದಿಂದ ಜೋಳದ ಚೀಲ ತಂದು ಗಡಿಗೆಗೆ ಸುರಿದ. ಬೀಸುವ ಕಲ್ಲು ತಿರುಗಿತು. ಯಾತ್ರಿಕರ ಜೊತೆ ಎಲೆಯ ಮುಂದೆ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ, ಅಜ್ಜನವರು ತಾವೇ ನಿಂತು ಬಡಿಸಿದರು.

ಮುಂದೆ ಆದದ್ದು ಹೀಗೆ. ದೇವಲಪ್ಪ ನೂಲು ಬಂದ ವರ್ಷ ಸೊಲ್ಲಾಪುರದಿಂದ ತಿರುಗಿ ಬಂದು ಮಗ್ಗಕ್ಕೆ ಕೂತ. ಕೂಸು ಬದುಕಿತು, ದೊಡ್ಡವನಾಗಿ ಇಳಕಲ್ಲಿನ ಕಡೆಯಿಂದ ಹೆಣ್ಣು ತಂದ. ಶಾಕವ್ವ ಮೊಮ್ಮಕ್ಕಳನ್ನು ಆಡಿಸಿ, ಅತ್ತೆಯ ಮೇಲಿನ ದೂರುಗಳನ್ನು ಹೇಳಿ ಮುಗಿಸದೆಯೇ ಹೋದಳು. ಓಬಯ್ಯನಿಗೆ ಕೊನೆಗೂ ಕನ್ನಡ ಪೂರ್ತಿ ಬರಲಿಲ್ಲ. ಅಜ್ಜನವರು ಆ ಹುಣಸೆಮರದ ಕೆಳಗೇ ಲಿಂಗೈಕ್ಯರಾದರು, ಗದ್ದುಗೆ ಅಲ್ಲೇ ಇದೆ. ಬನವ್ವ ಸೀನಿಗೆ ಹೆದರುವುದನ್ನು ಸಾಯುವ ತನಕ ಬಿಡಲಿಲ್ಲ. ಆದರೆ ನಡೆಯಲಾಗುವವರೆಗೂ ಓಬಯ್ಯನ ಹಿಂದೆ ಮನೆಮನೆಗೆ ತಿರುಗಿದಳು. ಯಾವಳಾದರೂ ಬಾಗಿಲಲ್ಲಿ ನಿಂತು "ಹೆಚ್ಚ್ಯಾವ್ರಿ" ಅಂದರೆ ಸಾಕು, "ಸರಿ ಅತ್ತಾಗ, ನನಗ ಹೇಳ್ತೀಯಾ!" ಎಂದು ಅವಳನ್ನು ಬದಿಗೆ ನೂಕಿ, ನೆಟ್ಟಗೆ ಅಡುಗೆಮನೆಗೆ ಹೋಗಿ ಗಡಿಗೆಯೊಳಗೆ ಕೈ ಹಾಕಿ ನೋಡುತ್ತಿದ್ದಳು.