ಹಗ್ಗ ಹೊಸೆಯುವವರ ಬೀದಿ

"ಗುರುಗಳೇ, ಬಂದರು ಪಟ್ಟಣ ನೋಡಿಬರಲು ಅಪ್ಪಣೆ ಕೊಟ್ಟಿದ್ದೀರಿ. ಅಲ್ಲಿ ನನಗೆ ಸಿಗುವುದು ಕೆಲವೇ ದಿನ. ಏನೂ ತಪ್ಪಿಹೋಗದ ಹಾಗೆ ದಿನಗಳನ್ನು ಹೇಗೆ ಹೊಂದಿಸಿಕೊಳ್ಳಲಿ?" ಎಂದು ಮುರಿಗೆಪ್ಪ ಕೇಳಿದ.

ಮಠಕ್ಕೆ ಸೇರಿದಾಗಿನಿಂದ ಮುರಿಗೆಪ್ಪ ಎಲ್ಲಿಗೂ ಹೋದವನಲ್ಲ. ಅಪ್ಪಣೆ ಸಿಕ್ಕ ಮೇಲೆ ದಾರಿಹೋಕರನ್ನೆಲ್ಲ ನಿಲ್ಲಿಸಿ ವಿಚಾರಿಸಿದ್ದ. ಹಡಗುಕಟ್ಟೆಗೆ ಯಾವ ಹೊತ್ತಿನಲ್ಲಿ ಹೋಗಬೇಕು, ಕೋಟೆಯೊಳಗೆ ಯಾರನ್ನು ಬಿಡುತ್ತಾರೆ, ದೀಪದ ಗೋಪುರ ಹತ್ತಬಹುದೇ, ಎಲ್ಲವನ್ನೂ ಗುರುಗಳಿಗೆ ಒಪ್ಪಿಸಿದ. ಗುರುಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಘಟ್ಟದ ಮೇಲಿನ ಒಂದು ಊರಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಕಡಲು ನೋಡುವ ಆಸೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದಳು. ಮಗ್ಗ, ಮನೆ, ಮಕ್ಕಳು ಎಂದು ವರ್ಷಗಳು ಕಳೆದವು. ಅವಳು ಮತ್ತೆ ಹೇಳಲಿಲ್ಲ. ಕೊನೆಯ ಮಗಳನ್ನು ಗಂಡನ ಮನೆಗೆ ಕಳಿಸಿದ ಬೇಸಿಗೆಯಲ್ಲಿ ನೇಕಾರ ತಾನಾಗಿಯೇ, "ಮಳೆ ಹಿಡಿಯುವ ಮೊದಲು ಬಂದರಿಗೆ ಹೋಗಿಬರೋಣ" ಎಂದ. ಅವಳು ಅವತ್ತೇ ಬುತ್ತಿಗೆ ಹಿಟ್ಟು ಹುರಿಯಲು ಕೂತಳು.

ಆ ಬಂದರಿನಲ್ಲಿ ನೇಕಾರನ ಅಕ್ಕ ಇದ್ದಳು. ತಾಯಿ ಮಗ್ಗದ ಮುಂದೆ ಕೂತಿರುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಹಗ್ಗ ಹೊಸೆಯುವವರ ಮನೆಗೆ ಮದುವೆಯಾಗಿ ಘಟ್ಟ ಇಳಿದು ಹೋಗಿದ್ದಳು. ತಾಯಿ ತೀರಿಕೊಂಡದ್ದು ಜಡಿಮಳೆಯಲ್ಲಿ. ಗುಡ್ಡ ಕುಸಿದು ಘಟ್ಟದ ದಾರಿ ಮುಚ್ಚಿತ್ತು. ದಾರಿ ತೆರೆದ ಮೇಲೆ ಅಕ್ಕ ಬಂದಳು. ಅಷ್ಟು ಹೊತ್ತಿಗೆ ಎಲ್ಲ ಕರ್ಮಗಳೂ ಮುಗಿದಿದ್ದವು. ನೇಕಾರ ಹೊಸ್ತಿಲಲ್ಲಿ ನಿಂತು, "ಈಗ ಯಾರನ್ನು ನೋಡಲು ಬಂದೆ?" ಎಂದ. ಒಳಗೆ ಬಾ ಎನ್ನಲಿಲ್ಲ. ಅವಳು ತಂದಿದ್ದ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಹಾಗೆಯೇ ತಿರುಗಿ ಹೋದಳು.

ಅವನ ಸಿಟ್ಟು ಆ ವರ್ಷವೇ ಇಳಿಯಿತು. ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಸಿಟ್ಟಾದರೆ ತಣಿಯುತ್ತದೆ. ನಾಚಿಕೆ ವರ್ಷದಿಂದ ವರ್ಷಕ್ಕೆ ಬಲಿಯುತ್ತ ಹೋಯಿತು. ಅಕ್ಕನ ಹೆಸರು ಆ ಮನೆಯಲ್ಲಿ ಕೇಳಿಬರುವುದು ನಿಂತುಹೋಯಿತು.

ವಯಸ್ಸಿನಲ್ಲಿದ್ದಾಗ ಸೀರೆ ಮಾರಲು ಹೋಗಿದ್ದರಿಂದ ನೇಕಾರನಿಗೆ ಪಟ್ಟಣದ ಬೀದಿಗಳು ಗೊತ್ತು. ಮಗ್ಗದ ಮುಂದೆ ಕೂತೇ ಅವನು ಪ್ರವಾಸವನ್ನು ಹೊಂದಿಸಿದ. ಬೆಳಿಗ್ಗೆ ಹಡಗುಕಟ್ಟೆ, ಬಿಸಿಲೇರಿದಾಗ ಹಳೆಯ ಬಸದಿ, ಸಂಜೆ ಮರಳದಂಡೆ. ಧರ್ಮಶಾಲೆಯಿಂದ ಹಡಗುಕಟ್ಟೆಗೆ ನೆಟ್ಟಗಿನ ದಾರಿ ಹಗ್ಗ ಹೊಸೆಯುವವರ ಬೀದಿಯಲ್ಲೇ ಹಾದುಹೋಗುತ್ತದೆ. ಅವನು ಕೋಟೆಯನ್ನು ಸುತ್ತಿ ಹೋಗುವ ದಾರಿಯನ್ನು ಆರಿಸಿಕೊಂಡ.

ಬೇಸಿಗೆಯಲ್ಲಿ ಘಟ್ಟ ಇಳಿಯುವ ಗಾಡಿಗಳ ಸಾಲಿನ ಜೊತೆ ಗಂಡಹೆಂಡತಿ ಹೊರಟರು. ಮಳೆಗೆ ಮೊದಲು ಅದೇ ಕೊನೆಯ ಸಾಲು. ಅದು ಹಿಂತಿರುಗುವಾಗ ಇವರೂ ಹೊರಡಬೇಕು. ಕಾಡಿನ ದಾರಿಯಲ್ಲಿ ಒಂಟಿ ಗಾಡಿ ಹೋಗುವಂತಿರಲಿಲ್ಲ.

ಕಡಲನ್ನು ಕಂಡೊಡನೆ ಹೆಂಡತಿ ನೀರಿಗಿಳಿದಳು. ನೀರಿನಲ್ಲಿ ಮೊಣಕಾಲ ತನಕ ನಿಂತು ಬಹಳ ಹೊತ್ತು ನೋಡಿದಳು. ಹಡಗುಕಟ್ಟೆಯಲ್ಲಿ ಅರಬರ ಕುದುರೆಗಳನ್ನು ಹೊಟ್ಟೆಗೆ ಪಟ್ಟಿ ಕಟ್ಟಿ ಇಳಿಸುತ್ತಿದ್ದರು. ಮೀನಿನ ಬುಟ್ಟಿ ಹೊತ್ತ ಹೆಂಗಸರು ಜಗಳವಾಡುತ್ತ ಓಡುತ್ತಿದ್ದರು. ಅವಳು ಎಲ್ಲವನ್ನೂ ನೋಡಿ ನಕ್ಕಳು. ನೇಕಾರ ಎದುರಿಗೆ ಬರುವ ಹೆಂಗಸರ ಮುಖ ನೋಡುತ್ತಿದ್ದ. ಸ್ವಲ್ಪ ವಯಸ್ಸಾದವರು ಕಂಡರೆ ತಲೆ ತಗ್ಗಿಸುತ್ತಿದ್ದ.

ಮರುದಿನ ಮೀನಿನ ಸಂತೆಯಲ್ಲಿ ಅವನ ಬೆನ್ನ ಹಿಂದೆ ಒಬ್ಬಳು ಘಟ್ಟದ ಮೇಲಿನ ಮಾತಿನಲ್ಲಿ ಚೌಕಾಸಿ ಮಾಡುತ್ತಿದ್ದಳು. ಅವನು ಸಟ್ಟನೆ ಒಂದು ಗಾಡಿಯ ಮರೆಗೆ ಸರಿದ. ಅಲ್ಲಿಂದಲೇ ಇಣುಕಿ ನೋಡಿದ. ಬೇರೆ ಯಾರೋ. ಸದ್ಯ ಬದುಕಿಕೊಂಡೆ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಗಾಡಿಯ ಚಕ್ರ ಹಿಡಿದು ನಿಂತ. ಹೆಂಡತಿ ಅದನ್ನು ನೋಡಿದಳು, ನೋಡದವಳ ಹಾಗೆ ಮುಂದೆ ಹೋದಳು.

ಹೊರಡುವ ದಿನ ಬಂತು. ಗಾಡಿಗಳು ಮಧ್ಯಾಹ್ನ ಧರ್ಮಶಾಲೆಯ ಮುಂದೆ ಸೇರುವುದಿತ್ತು. ಹೆಂಡತಿ ಇನ್ನೊಮ್ಮೆ ಕಡಲು ನೋಡಬೇಕು ಎಂದಳು. ನೋಡಿಯಾದ ಮೇಲೆ ನೇಕಾರ ಕೋಟೆಯ ಕಡೆ ತಿರುಗಿದ. ಅವಳು ಅಲ್ಲೇ ನಿಂತಳು.

"ಕಾಲಿನಲ್ಲಿ ಬೊಬ್ಬೆ ಎದ್ದಿವೆ. ಇವತ್ತು ನೆಟ್ಟಗಿನ ದಾರಿಯಲ್ಲಿ ಹೋಗೋಣ."

"ನೆಟ್ಟಗಿನ ದಾರಿ ಎಲ್ಲಿದೆ?"

"ನಿಮಗೆ ಗೊತ್ತಲ್ಲ" ಎಂದಳು ಅವಳು.

ಅವನು ಅವಳ ಕಾಲು ನೋಡಿದ. ಇಷ್ಟು ದಿನ ನೋಡಿರಲಿಲ್ಲ. ಆಮೇಲೆ ಆ ಬೀದಿಯ ಕಡೆ ನಡೆದ.

ಬೀದಿಯ ಉದ್ದಕ್ಕೂ ತೆಂಗಿನ ನಾರಿನ ಎಳೆಗಳನ್ನು ಎಳೆದು ಕಟ್ಟಿದ್ದರು. ಒಂದು ತುದಿಯಲ್ಲಿ ತಲೆ ನರೆತ ಹೆಂಗಸೊಬ್ಬಳು ರಾಟೆ ತಿರುಗಿಸುತ್ತಿದ್ದಳು. ಇನ್ನೊಂದು ತುದಿಯನ್ನು ನೆರೆಮನೆಯವಳು ಹಿಡಿದಿದ್ದಳು. ನೇಕಾರ ನೆರೆಮನೆಯವಳ ಪಕ್ಕದಲ್ಲಿ ನಿಂತುಬಿಟ್ಟ. ರಾಟೆಯವಳು ತಲೆಯೆತ್ತಿದಳು. ರಾಟೆ ನಿಲ್ಲಲಿಲ್ಲ.

"ಆ ತುದಿಯನ್ನು ಅವನ ಕೈಗೆ ಕೊಡು" ಎಂದಳು ನೆರೆಮನೆಯವಳಿಗೆ. "ಸಡಿಲ ಬಿಡಬೇಡ" ಎಂದಳು ಅವನಿಗೆ.

ಅವನು ಹಿಡಿದ. ಹುರಿ ಏರಿದ ಹಾಗೆ ಹಗ್ಗ ಗಿಡ್ಡವಾಗುತ್ತದೆ, ಹಿಡಿದವನು ಹೆಜ್ಜೆಹೆಜ್ಜೆಗೆ ಮುಂದೆ ಬರಬೇಕಾಗುತ್ತದೆ. ಅಕ್ಕನ ಮುಖ ಸರಿಯಾಗಿ ಕಾಣುವಷ್ಟು ಹತ್ತಿರ ಬಂದಾಗ ಅವಳು ರಾಟೆ ನಿಲ್ಲಿಸಿ ಹಗ್ಗಕ್ಕೆ ಗಂಟು ಹಾಕಿದಳು.

"ಅಕ್ಕಾ, ಅವತ್ತು ನಾನು ಆಡಿದ ಮಾತು..."

"ಆ ಮಾತು ನನಗೂ ನೆನಪಿದೆ. ಅದನ್ನು ನಿಂತ ಕಾಲಲ್ಲಿ ಆಡಿ ಮುಗಿಸುವುದು ಬೇಡ. ನಾಲ್ಕು ದಿನ ಇದ್ದು ಹೋಗು, ಆಡೋಣ. ಈಗ ಕೈಕಾಲು ತೊಳೆದು ಬನ್ನಿ."

ಒಳಗೆ ಎಲೆ ಹಾಕಿದಳು. ಅನ್ನ, ಸುಟ್ಟ ಹಪ್ಪಳ, ಉಪ್ಪಿನಕಾಯಿ. ಬಡಿಸುತ್ತ ಕೇಳಿದಳು, "ಯಾವಾಗ ಬಂದಿರಿ?"

ನೇಕಾರ ತುತ್ತನ್ನು ಎಲೆಗೆ ಇಳಿಸಿ ಹೆಂಡತಿಯ ಕಡೆ ನೋಡಿದ. ಹೆಂಡತಿಗೆ ಸುಳ್ಳು ಹೇಳಲು ಆಗಲಿಲ್ಲ. "ಬಂದು ಮೂರು ದಿನವಾಯಿತು ಅತ್ತಿಗೆ. ಈಗ ಹೊರಡಬೇಕು. ಗಾಡಿಗಳು ಕಾಯುತ್ತವೆ."

ಅಕ್ಕನ ಸೌಟು ಎಲೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವಳು ಬಡಿಸಿದಳು. ಅವನ ಎಲೆಗೆ ಇನ್ನೊಂದು ಹಪ್ಪಳ ಹಾಕಿದಳು.

ನೇಕಾರ ತನ್ನ ಬದುಕಿನಲ್ಲಿ ಅನೇಕ ಮಾತು ಕೇಳಿದ್ದ, ಬೈಗಳೂ ತಿಂದಿದ್ದ. ಆ ಸೌಟು ನಿಂತದ್ದರಷ್ಟು ಯಾವುದೂ ಅವನನ್ನು ನೋಯಿಸಿರಲಿಲ್ಲ. ಉಂಡೇ ಎದ್ದ. ಎಲೆಯಲ್ಲಿ ಒಂದು ಅಗುಳನ್ನೂ ಬಿಡಲಿಲ್ಲ.

ಬೀದಿಯ ಕೊನೆಯವರೆಗೂ ಅಕ್ಕ ಬಂದಳು. "ಮಳೆ ಕಳೆದ ಮೇಲೆ ಬರುತ್ತೇನೆ" ಎಂದ ನೇಕಾರ. "ಬಾ" ಎಂದಳು. ಅವನ ಹೆಂಡತಿಯ ಕಾಲು ನೋಡಿ, ಮತ್ತೆ ಮನೆಗೆ ಹೋಗಿ ಒಂದಿಷ್ಟು ಕೊಬ್ಬರಿ ಎಣ್ಣೆ ತಂದು ಕೊಟ್ಟಳು. ಗಾಡಿಗಳು ಘಟ್ಟದ ಕಡೆ ಹೊರಟವು. ಆ ದಾರಿಯಲ್ಲಿ ಗಂಡಹೆಂಡತಿ ಕಡಲಿನ ಮಾತು ಆಡಲಿಲ್ಲ.

ಗುರುಗಳು ನಿಲ್ಲಿಸಿದರು.

"ಮಳೆ ಕಳೆದ ಮೇಲೆ ಹೋದನೇ?" ಎಂದು ಮುರಿಗೆಪ್ಪ ಕೇಳಿದ.

"ಹೋದ. ಹೆಂಡತಿಯನ್ನೂ ಕರೆದುಕೊಂಡು ಹೋದ. ಅಕ್ಕನ ಮನೆಯಲ್ಲೇ ಇಳಿದರು. ಆಡಬೇಕಾದ ಮಾತನ್ನು ಅಕ್ಕ ತಮ್ಮ ಕೂತು ಆಡಿದರು. ಸುಲಭವಾಗಲಿಲ್ಲ. ಆದರೂ ಆಡಿದರು."

ಮುರಿಗೆಪ್ಪನಿಗೆ ಸಮಾಧಾನವಾಯಿತು. "ಹಾಗಾದರೆ ಅವನು ಹೊಂದಿಸಿಕೊಂಡದ್ದರಲ್ಲಿ ಹಿಂದುಮುಂದಾಯಿತು, ಅಷ್ಟೆ. ಆ ಬೀದಿಗೆ ಮೊದಲ ದಿನವೇ ಹೋಗಬೇಕಿತ್ತು" ಎಂದ.

ಗುರುಗಳು ಅವನ ಮುಖ ನೋಡಿ ಹೇಳಿದರು: "ಮುರಿಗೆಪ್ಪ, ನೀನು ಹೋಗುವ ಕಡೆಗಳನ್ನೆಲ್ಲ ಹೇಳಿದೆ, ಯಾವ ಬೀದಿಯನ್ನು ತಪ್ಪಿಸಿ ಸುತ್ತಿ ಹೋಗುತ್ತೀಯೆಂದು ಹೇಳಲಿಲ್ಲ."