ಯಾರ ಹೆಜ್ಜೆ?

ಬೆಟ್ಟಕ್ಕೆ ಇನ್ನೂ ಬೇಲಿ ಬೀಳದಿದ್ದ ಕಾಲದ ಮಾತು.

ಬಂಡೆ, ಕಾರೆಮುಳ್ಳು, ಕಡಿದಾದ ಕಣಿವೆಗಳೇ ತುಂಬಿದ ಒಂದು ಕಾಡಿತ್ತು. ಅದಕ್ಕೆ ಒಡೆಯನಿರಲಿಲ್ಲ. ಸುತ್ತಲಿನ ಏಳು ಹಟ್ಟಿಗಳಿಗೂ ಸೇರಿದ ಕಾಡು, ಯಾರು ಬೇಕಾದರೂ ಹತ್ತಬಹುದು, ಬೇಟೆಯಾಡಬಹುದು.

ಕಟ್ಟಳೆ ಮಾತ್ರ ಒಂದಿತ್ತು. ಬಿಲ್ಲು ಹಿಡಿದವನು ಮೂರು ವರ್ಷದೊಳಗೆ ಒಬ್ಬನೇ ಹೋಗಿ, ತಾನೇ ಹುಡುಕಿ, ಒಂದು ಜಿಂಕೆಯನ್ನು ಹೊಡೆದು ತರಬೇಕು. ಆಗದಿದ್ದರೆ ಬಿಲ್ಲನ್ನು ಹಿರಿಯರಿಗೆ ಒಪ್ಪಿಸಬೇಕು. ಆಮೇಲೆ ಸಾಯುವ ತನಕ ಅವನ ಪಾಲಿಗೆ ಸೋವಿನ ಕೆಲಸ. ಕೋಲು ಹಿಡಿದು ಪೊದೆ ಬಡಿಯುವುದು, ಬೇರೆಯವರ ಬಾಣದ ಕಡೆಗೆ ಪ್ರಾಣಿಗಳನ್ನು ಎಬ್ಬಿಸಿ ಓಡಿಸುವುದು.

ಪಾಲಯ್ಯನಿಗೆ ಮೂರು ವರ್ಷ ತುಂಬಲು ಒಂದೇ ದಿನ ಉಳಿದಿತ್ತು.

ಅವನೇನು ಕೈಲಾಗದವನಲ್ಲ. ಗಾಳಿಗೆ ತೂಗುವ ಹುಣಸೆಕಾಯಿಯನ್ನು ತೊಟ್ಟಿಗೇ ಗುರಿಯಿಟ್ಟು ಉದುರಿಸುತ್ತಿದ್ದ. ಓಟದಲ್ಲಿ ಏಳು ಹಟ್ಟಿಗೂ ಅವನದೇ ಮೇಲುಗೈ. ಇಷ್ಟೆಲ್ಲ ಇದ್ದೂ ಜಿಂಕೆ ಮಾತ್ರ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಬಿದ್ದರೂ ಬಾಲವಷ್ಟೇ.

ಗುರು ಅಂದರೆ ಗಡ್ಡ ಇರಲೇಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅವನ ಗುರು ಕಾಟಮ್ಮ ಎಂಬ ಮುದುಕಿ. ಬೆಟ್ಟದ ಬುಡದಲ್ಲಿ, ಹಳ್ಳದ ದಡದ ಮೇಲೆ ಅವಳ ಗುಡಿಸಲು. ಏಳು ಹಟ್ಟಿಯ ಬೇಟೆಗಾರರೆಲ್ಲ ಅವಳ ಕೈಯಲ್ಲೇ ಪಳಗಿದವರು.

ಪಾಲಯ್ಯನಿಗೆ ಅವಳು ಹೇಳಿಕೊಟ್ಟದ್ದು ಮೂರೇ ಮಾತು. ದಿನವೂ ಬೆಳಿಗ್ಗೆ ಅವನು ಕಾಡಿಗೆ ಹೊರಟಾಗ ಅವಳು ಅದನ್ನೇ ಹೇಳುತ್ತಿದ್ದಳು.

"ಹೆಜ್ಜೆ ನೋಡಿ ನಡಿ."

ಕೊನೆಯ ದಿನ ಬೆಳಿಗ್ಗೆ ಪಾಲಯ್ಯ ಬಂದು ಅವಳ ಒಲೆಯ ಮುಂದೆ ಕುಕ್ಕರಿಸಿದ.

"ಅವ್ವಾ, ಇವತ್ತು ಕಡೇ ದಿನ."

"ಗೊತ್ತು ಕಣಲೇ. ಅದಕ್ಕೇ ಎರಡು ರೊಟ್ಟಿ ಜಾಸ್ತಿ ತಟ್ಟೀನಿ."

"ರೊಟ್ಟಿ ಯಾರಿಗೆ ಬೇಕು? ಏನಾದ್ರೂ ಒಂದು ಗುಟ್ಟು ಹೇಳು. ಮೂರು ವರ್ಷ ಅದೇ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದೈತೆ."

"ಒಳ್ಳೇದೇ ಆಯ್ತು. ಇನ್ನಾದ್ರೂ ಮಾತು ಒಳಗೆ ಹೋಗ್ತೈತೆ."

ಪಾಲಯ್ಯನಿಗೆ ರೇಗಿತು. "ಹೆಜ್ಜೆ ನೋಡಿಯೇ ನಡೀತೀನಿ ಕಣವ್ವ! ಈ ಕಾಡಾಗೆ ನಾನು ನೋಡದೆ ಇರೋ ಹೆಜ್ಜೆ ಒಂದೂ ಇಲ್ಲ. ಹೊಸದ್ಯಾವುದು, ಹಳೇದ್ಯಾವುದು, ಗಂಡ್ಯಾವುದು, ಬಸುರಿ ಯಾವುದು, ಎಲ್ಲ ಹೇಳ್ತೀನಿ. ಹೆಜ್ಜೆ ಹಿಡಿದು ಓಡ್ತೀನಿ. ಹೆಜ್ಜೆ ಮುಗಿಯೋ ಕಡೆ ಜಿಂಕೇನೇ ಇರಲ್ಲ."

ಕಾಟಮ್ಮ ಒಲೆಯಿಂದ ತಲೆ ಎತ್ತಲಿಲ್ಲ. "ನೀನು ನೋಡಿದ್ದು ಯಾರ ಹೆಜ್ಜೆ?"

"ಜಿಂಕೇದು! ಇನ್ನು ಯಾರದು?"

ಮುದುಕಿ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟಳು.

"ಹೆಜ್ಜೆ ನೋಡಿ ನಡಿ."

ಪಾಲಯ್ಯ ಉರಿದುಕೊಂಡೇ ಎದ್ದು ಹೋದ.

ಹಳ್ಳದ ಒದ್ದೆ ಮರಳು ದಾಟುತ್ತಿದ್ದಂತೆ ತಾಜಾ ಹೆಜ್ಜೆಗಳು ಕಂಡವು. ಒಂದು ಹಿಂಡೇ ಹೋಗಿತ್ತು. ಅವನು ಬೆನ್ನು ಹತ್ತಿದ. ಕಣಿವೆ ಏರಿದ, ಬಂಡೆ ಹಾರಿದ, ಮುಳ್ಳಿಗೆ ತೊಡೆ ಕೊಟ್ಟ. ಎರಡು ಸಲ ಜಾರಿ ಬಿದ್ದು ಮೊಣಕಾಲು ತರಚಿಕೊಂಡ. ಹೊತ್ತು ನೆತ್ತಿಗೇರುವಾಗ ಹೆಜ್ಜೆಗಳು ಹಾಸುಬಂಡೆಯ ಮೇಲೆ ಹೋಗಿ ಅಳಿಸಿಹೋದವು. ಜಿಂಕೆಯ ಸುಳಿವೇ ಇಲ್ಲ.

ಅವನು ಅಲ್ಲೇ ಕುಸಿದು ಕೂತ. ನಾಳೆಯಿಂದ ತಾನು ಕೋಲು ಹಿಡಿದು ಪೊದೆ ಬಡಿಯುವುದು ಕಣ್ಣಿಗೆ ಕಟ್ಟಿತು. ಅಳು ಬಂತು. ಅತ್ತ. ಅತ್ತ ಮೇಲೆ ಬಾಯಾರಿಕೆಯಾಯಿತು, ನೀರಿಗೆಂದು ಮತ್ತೆ ಹಳ್ಳಕ್ಕೆ ಇಳಿದ.

ಬೊಗಸೆಯಲ್ಲಿ ನೀರೆತ್ತುವಾಗ ಒದ್ದೆ ಮರಳಿನ ಮೇಲೆ ಅವನ ಕಣ್ಣು ಬಿತ್ತು. ಬೆಳಿಗ್ಗೆ ತಾನು ಓಡಿದ ಹೆಜ್ಜೆಗಳು ಅಲ್ಲಿದ್ದವು. ಹಿಮ್ಮಡಿ ಬೆರಳುದ್ದ ಹೂತಿತ್ತು, ಮರಳು ಎರಡೂ ಕಡೆ ಚಿಮ್ಮಿತ್ತು.

ಆ ಹಿಮ್ಮಡಿಯ ಗುಂಡಿಯೊಳಗೆ ಇನ್ನೊಂದು ಗುರುತು. ಅವರೆಕಾಳನ್ನು ಸೀಳಿಟ್ಟಂಥ ಗೊರಸು.

ಜಿಂಕೆಯ ಹೆಜ್ಜೆ. ತನ್ನ ಹೆಜ್ಜೆಯ ಮೇಲೆ.

ಅಂದರೆ ತಾನು ಓಡಿಹೋದ ಮೇಲೆ ಅದು ಇಲ್ಲಿಗೆ ಬಂದಿದೆ!

ಪಾಲಯ್ಯನ ಬೊಗಸೆಯ ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಮೂರು ವರ್ಷದಲ್ಲಿ ಮೊದಲ ಸಲ ಅವನು ತನ್ನದೇ ಹೆಜ್ಜೆಯನ್ನು ಹಿಡಿದು ಹೊರಟ.

ಮುರಿದ ಕಡ್ಡಿಗಳು, ಮಗುಚಿದ ಕಲ್ಲುಗಳು, ಕಿತ್ತುಹೋದ ಹುಲ್ಲು. ಮದುವೆಯ ದಿಬ್ಬಣ ಹೋದ ಹಾಗಿತ್ತು. ದಾರಿಯಿಂದ ಇಪ್ಪತ್ತು ಮಾರು ಆಚೆ, ಒಂದು ಪೊದೆಯ ಹಿಂದೆ, ಹುಲ್ಲು ಒತ್ತಿ ಮಲಗಿದ ಗುರುತುಗಳಿದ್ದವು. ಬೆಳಗಾಗುವ ಮೊದಲೇ ಮೇಲೆ ಮೇಯ್ದು, ಕೆಳಗಿಳಿದು ಬಂದ ಹಿಂಡು ಇಲ್ಲಿ ಮಲಗಿತ್ತು. ಅವನು ದಡಬಡ ಓಡಿಬರುವುದನ್ನು ಕೇಳಿಸಿಕೊಂಡು ಉಸಿರು ಬಿಗಿಹಿಡಿದಿತ್ತು. ಅವನು ದಾಟಿದ ಮೇಲೆ ಎದ್ದು, ನಿಶ್ಚಿಂತೆಯಿಂದ ಹಳ್ಳಕ್ಕೆ ಹೋಗಿ ನೀರು ಕುಡಿದಿತ್ತು.

ಇವತ್ತೊಂದೇ ದಿನವಲ್ಲ. ಮೂರು ವರ್ಷವೂ ಇದೇ ಆಗಿರಬೇಕು.

'ಹೆಜ್ಜೆ ನೋಡಿ ನಡಿ' ಎಂದಾಗ ಕಾಟಮ್ಮ ಹೇಳಿದ್ದು ಯಾರ ಹೆಜ್ಜೆ ಎಂದು ಅವನಿಗೆ ಈಗ ಹೊಳೆಯಿತು. ಎಂಥ ಪೆದ್ದ ನಾನು ಎಂದು ನಗು ಒತ್ತರಿಸಿ ಬಂತು. ನಕ್ಕರೆ ಸದ್ದಾಗುತ್ತದೆಂದು ಬಾಯಿ ಮುಚ್ಚಿಕೊಂಡ.

ಆಮೇಲೆ ಅವನು ಹಳ್ಳದಿಂದ ಹಿಂಡು ಹೋದ ಜಾಡು ಹಿಡಿದು ನಡೆದ. ಅಂಗಾಲಿನ ಅಂಚನ್ನು ಮೊದಲು ಊರಿ, ಕೆಳಗೆ ಕಡ್ಡಿಯಿಲ್ಲವೆಂದು ತಿಳಿದ ಮೇಲೆಯೇ ಮೈಭಾರ ಬಿಡುತ್ತ, ಗಾಳಿಗೆ ಮುಖ ಕೊಟ್ಟು ನಡೆದ. ಒಂದು ಹೆಜ್ಜೆಯಿಟ್ಟು ನಿಲ್ಲುತ್ತಿದ್ದ, ನೋಡುತ್ತಿದ್ದ, ಮತ್ತೊಂದು ಇಡುತ್ತಿದ್ದ. ಒಂದು ಕೂಗಳತೆ ದಾಟುವಷ್ಟರಲ್ಲಿ ಹೊತ್ತು ಪಡುವಣಕ್ಕೆ ವಾಲಿತು. ತನ್ನ ಕಾಲಿನ ಸದ್ದು ನಿಂತದ್ದೇ ಕಾಡಿನ ಸದ್ದೆಲ್ಲ ಅವನಿಗೆ ಕೇಳಿಸತೊಡಗಿತು. ಎಲ್ಲೋ ಹುಲ್ಲು ಕಿತ್ತ ಸದ್ದು. ಅಗಿಯುವ ಸದ್ದು.

ಮೊದಲು ಒಂದು ಕಿವಿ ಕಂಡಿತು. ಬರೀ ಕಿವಿ. ಆಮೇಲೆ ಒಣಗಿದ ಕೊಂಬೆ ಅಂದುಕೊಂಡಿದ್ದು ಅಲ್ಲಾಡಿತು, ಅದು ಕೋಡು. ಆಮೇಲೆ ಪೊದೆಯ ನೆರಳೆಲ್ಲ ಚುಕ್ಕೆ ಚುಕ್ಕೆಯಾಗಿ, ಇಡೀ ಹಿಂಡೇ ಎದುರಿಗೆ ನಿಂತಿತು.

ಮೂರು ವರ್ಷ ಬಾಲವನ್ನಷ್ಟೇ ಕಂಡವನಿಗೆ ಇವತ್ತು ಮುಖ ಕಂಡಿತು. ಎಂಥ ಸಂತೋಷವಾಯಿತೆಂದರೆ ಬಿಲ್ಲು ಎತ್ತುವುದನ್ನೇ ಅವನು ಒಂದು ಗಳಿಗೆ ಮರೆತ.

ಮತ್ತೆ ಎತ್ತಿದ. ಕೋಡಿನ ಗಂಡು ಪಕ್ಕೆ ತಿರುಗಿಸುವ ತನಕ ಕಾದು ಬಾಣ ಬಿಟ್ಟ. ಅದು ನಿಂತಲ್ಲೇ ಬಿತ್ತು, ಒದ್ದಾಡಲೂ ಇಲ್ಲ. ಅವನು ಒಂದು ಹಿಡಿ ಹಸಿರು ಹುಲ್ಲನ್ನು ಅದರ ಬಾಯಿಗಿಟ್ಟು ಕೈಮುಗಿದ. ಆಮೇಲೆ ತಡೆಯಲಾಗಲಿಲ್ಲ.

"ಸಿಕ್ತೂ! ಸಿಕ್ತು ಕಣವ್ವೋ!"

ಆ ಕೂಗಿಗೆ ಕಣಿವೆಗಳೆಲ್ಲ ಓಗೊಟ್ಟವು.

ಗುಡಿಸಲಿನ ಅಂಗಳದಲ್ಲಿ ಬಿಲ್ಲು ಇಸಿದುಕೊಳ್ಳಲೆಂದು ಹಟ್ಟಿಯ ಹಿರಿಯರು ಆಗಲೇ ಬಂದು ಕೂತಿದ್ದರು. ಪಾಲಯ್ಯ ಜಿಂಕೆಯನ್ನು ಹೆಗಲ ಮೇಲೆ ಅಡ್ಡ ಹೊತ್ತು ಇಳಿದು ಬರುವುದನ್ನು ಕಂಡು ಅವರೆಲ್ಲ ಎದ್ದು ನಿಂತರು. ಅವರಲ್ಲೇ ವಯಸ್ಸಾದವನು ತಲೆಯ ರುಮಾಲು ಬಿಚ್ಚಿ ಪಾಲಯ್ಯನ ತಲೆಗೆ ಸುತ್ತಿದ. "ಬಿಲ್ಲು ನಿಂದೇ ಕಣೋ! ಸಾಯೋಗಂಟ ನಿಂದೇ!" ಎಂದ. ಹಟ್ಟಿಯ ಕಡೆ ತಮಟೆ ಶುರುವಾಯಿತು.

ಪಾಲಯ್ಯ ಹೊರೆ ಇಳಿಸಿ ಕಾಟಮ್ಮನ ಕಾಲಿಗೆ ಬಿದ್ದ. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಅವ್ವಾ, 'ನಿನ್ನ ಹೆಜ್ಜೆ ನೀನು ನೋಡ್ಕೋ' ಅಂತ ಒಂದು ಸಲ ಬಿಡಿಸಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬಿಡಿಸಿ ಹೇಳಿದ್ರೆ, ಹೆಜ್ಜೆ ಹೆಂಗಿಡ್ಲಿ ಅಂತ ನನ್ನ ಕಾಲು ನೋಡ್ಕೊಂಡು ನನ್ನ ಹಂಗೇ ನಡಿಯಾಕೆ ಹೋಗ್ತಿದ್ದೆ. ಮುದುಕಿ ನಡಿಗೆ ನಿನಗ್ಯಾಕೋ?"

ಹಿರಿಯರು ಗೊಳ್ಳೆಂದು ನಕ್ಕರು. ಪಾಲಯ್ಯ ಕಣ್ಣೊರೆಸಿಕೊಂಡು ಎದೆ ಉಬ್ಬಿಸಿ ಕೇಳಿದ.

"ಹಂಗಾದ್ರೆ ನನ್ನ ಪಾಠ ಮುಗೀತಾ ಅವ್ವ?"

ಕಾಟಮ್ಮ ಅವನ ಕೆನ್ನೆ ಸವರಿದಳು.

"ನಾಳೆ ನೀನು ಮುಂದೆ ನಡಿಯಪ್ಪ, ನಾನು ಹಿಂದೆ ಬರ್ತೀನಿ. ನನ್ನ ಕಾಲು ಸದ್ದು ಮಾಡಿದ್ರೆ ಮುಲಾಜಿಲ್ಲದೆ ಬೈದುಬಿಡು."