ಮೂರನೇ ಮಡಕೆಗೆ ಮುಂಚೆ

"ಅವ್ವಾ, ಪೇಟೆಯಲ್ಲಿ ಒಂದು ಜಗಳ ಎದ್ದಿದೆ," ಎಂದು, ಮಠದಲ್ಲಿ ದಿನವೂ ಊಟವಾದ ಮೇಲೆ ಭಕ್ತರಿಗೆ ಪ್ರವಚನ ಹೇಳುವ ಶಿಷ್ಯ ಗುರುತಾಯಿಗೆ ಹೇಳಿದ. "ಹೆಂಡದಂಗಡಿಗಳಲ್ಲಿ ಹಾಡು ತೀರ ತಡವಾಗಿ ಶುರುವಾಗುತ್ತದೆ, ದೀಪ ಹಚ್ಚುವ ಹೊತ್ತಿಗೇ ಹಾಡಿಸಿ ಎಂದು ದುಡಿಯುವ ಜನ ಕೇಳುತ್ತಿದ್ದಾರೆ. ಕುಡಿತ ಏರಿದ ಮೇಲೇ ಹಾಡಿಗೆ ಕಳೆ ಎಂದು ಹಾಡುವವರು ಹಟ ಹಿಡಿದಿದ್ದಾರೆ. ಯಾರ ಮಾತು ಸರಿ?"

ಉಳಿದ ಶಿಷ್ಯರು ಮುಸಿಮುಸಿ ನಕ್ಕರು. ಮಠದಲ್ಲಿ ಕೂತು ಹೆಂಡದ ಮಾತೇ ಎಂದು ಒಬ್ಬ ಗೊಣಗಿದ. ಗುರುತಾಯಿ ನಗಲಿಲ್ಲ. ಅವರು ಈ ಕತೆ ಹೇಳಿದರು.

ಒಂದು ಊರಿನ ಅಂಚಿನಲ್ಲಿ ಒಬ್ಬಾಕೆ ಹೆಂಡದಂಗಡಿ ಇಟ್ಟಿದ್ದಳು. ಗಂಡ ಬಿಟ್ಟುಹೋದ ಮೇಲೆ ಈಚಲು ತೋಪಿನಿಂದ ತಾನೇ ಮಡಕೆ ಹೊತ್ತು ತಂದು ಬೆಳೆಸಿದ ಅಂಗಡಿ ಅದು. ಹೆಂಡಕ್ಕೆ ಒಂದು ಹನಿ ನೀರು ಬೆರೆಸಿದವಳಲ್ಲ. ಬೆರೆಸಿಲ್ಲವೆಂದು ದಿನಕ್ಕೆ ನಾಲ್ಕು ಸಲ ಹೇಳದೆ ಬಿಟ್ಟವಳೂ ಅಲ್ಲ.

ಆ ಅಂಗಡಿಯಲ್ಲಿ ಒಬ್ಬ ಹಾಡುಗಾರ ತಂಬೂರಿ ಹಿಡಿದು ಹಾಡುತ್ತಿದ್ದ. ಅವನ ಹಾಡಿಗೆ ಒಂದು ಕಟ್ಟಳೆ ಇತ್ತು. ಮೂರನೇ ಮಡಕೆಯ ಬಾಯಿ ಬಿಚ್ಚಿದ ಮೇಲೇ ಅವನು ತಂತಿ ಮುಟ್ಟುತ್ತಿದ್ದ. ಅಷ್ಟು ಹೊತ್ತಿಗೆ ಕೂತವರ ಮೈ ಬೆಚ್ಚಗಾಗಿರುತ್ತಿತ್ತು. ಅವನು ಬಾಯಿ ತೆರೆದರೆ ಸಾಕು, ತಲೆಗಳು ತೂಗುತ್ತಿದ್ದವು. ಹಾಡು ಮೇಲಿನ ಸ್ವರಕ್ಕೆ ಏರುವ ಜಾಗದಲ್ಲಿ ಅವನು ತಂತಿಯನ್ನು ಜೋರಾಗಿ ಮೀಟುತ್ತಿದ್ದ. ಜನ ಹೋ ಎಂದು ಕೂಗುತ್ತಿದ್ದರು. ಆ ಕೂಗಿನಲ್ಲಿ ಸ್ವರ ಏರಿತೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ವರ್ಷಗಳು ಕಳೆದ ಮೇಲೆ ಅದು ಅವನಿಗೂ ತಿಳಿಯದಾಯಿತು. ಸುತ್ತಿನ ಊರುಗಳಲ್ಲಿ ಅವನಿಗಿಂತ ದೊಡ್ಡ ಹಾಡುಗಾರ ಇಲ್ಲ ಎನ್ನುತ್ತಿದ್ದರು. ಅವನೂ ಹಾಗೇ ನಂಬಿದ್ದ.

ಊರಾಚೆ ಕಲ್ಲಿನ ಗಣಿ ಇತ್ತು. ಅಲ್ಲಿ ಕಲ್ಲು ಒಡೆಯುವವರು ದಿನವೂ ದೀಪ ಹಚ್ಚುವ ಹೊತ್ತಿಗೆ ಬಂದು, ಒಂದೊಂದು ಕುಡಿಕೆ ಕುಡಿದು ಎದ್ದು ಹೋಗುತ್ತಿದ್ದರು. ಬಿಸಿಲಿಗೆ ಬಂಡೆ ಕಾಯುವ ಮೊದಲೇ ಅವರು ಸುತ್ತಿಗೆ ಹಿಡಿಯಬೇಕಿತ್ತು. ತಡಮಾಡಿ ಮಲಗುವ ಬದುಕು ಅವರದಲ್ಲ. ಅವರಲ್ಲಿ ಒಬ್ಬಳು ಮುದುಕಿ. ಹಾಡೆಂದರೆ ಅವಳಿಗೆ ಪ್ರಾಣ. ಹಾಡುಗಾರನ ಹೆಸರು ಕೇಳಿದ್ದಳು, ಹಾಡು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

ಒಂದು ಸಂಜೆ ಅವಳು ಅಂಗಡಿಯವಳನ್ನು ಕೇಳಿದಳು. "ನಾವು ಕೊಡುವುದು ಸವಕಲು ಕಾಸೇನವ್ವಾ? ಮೊದಲನೇ ಮಡಕೆ ಖಾಲಿ ಮಾಡುವವರು ನಾವು. ಹಾಡು ಕೇಳುವವರು ಮಾತ್ರ ಆಮೇಲೆ ಬಂದವರು."

ಆ ಮಾತು ಅಂಗಡಿಯವಳಿಗೆ ನಾಟಿತು. ಅವಳು ಹಾಡುಗಾರನನ್ನು ಕರೆದು, ನಾಳೆಯಿಂದ ದೀಪ ಹಚ್ಚುವಾಗಲೇ ಹಾಡು ಎಂದಳು.

"ಅಕ್ಕಾ, ಬರಿಹೊಟ್ಟೆಯವರ ಮುಂದೆ ಹಾಡಿದರೆ ಗೋಡೆಯ ಮುಂದೆ ಹಾಡಿದಂತೆ," ಎಂದ ಅವನು. "ಅವರಿಗೆ ಮೈಕೈ ನೋವು. ಹಾಡಿನ ಗೊಡವೆ ಅವರಿಗೇಕೆ?"

"ನನ್ನ ಹೆಂಡ ಮೊದಲನೇ ಮಡಕೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ನಿನ್ನ ಹಾಡು ಮೂರನೆಯದರಲ್ಲಿ ಮಾತ್ರ ಚೆನ್ನಾಗಿರುತ್ತದೋ?"

ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಒಪ್ಪಿಕೊಂಡ.

ಮರುದಿನ ದೀಪ ಹಚ್ಚಿದಾಗ ಅವನು ಹಾಡಿದ. ಕಲ್ಲು ಒಡೆಯುವವರು ಕೈಯಲ್ಲಿ ಕುಡಿಕೆ ಹಿಡಿದು, ತಲೆ ಬಗ್ಗಿಸಿ ಕೇಳಿದರು. ಯಾರ ತಲೆಯೂ ತೂಗಲಿಲ್ಲ. ಮೇಲಿನ ಸ್ವರದ ಜಾಗ ಬಂತು. ಅವನು ತಂತಿಯನ್ನು ಜೋರಾಗಿ ಮೀಟಿದ. ಯಾರೂ ಹೋ ಎನ್ನಲಿಲ್ಲ. ಆ ನಿಶ್ಶಬ್ದದಲ್ಲಿ ಅವನ ಕೊರಳು ಅರ್ಧಕ್ಕೇ ನಿಂತದ್ದು ಎಲ್ಲರಿಗೂ ಕೇಳಿಸಿತು.

ಬಂಡೆಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ನಾದ ಕೇಳಿ, ಒಳಗಿನ ಬಿರುಕು ಎಲ್ಲಿದೆ ಎಂದು ಹೇಳುವ ಜನ ಅವರು. ಆ ಕಿವಿ ತಪ್ಪಿದರೆ ಬಂಡೆ ಕಾಲ ಮೇಲೆ ಬೀಳುತ್ತದೆ. ಇದು ಹಾಡುಗಾರನಿಗೆ ಗೊತ್ತಿರಲಿಲ್ಲ.

ಮುದುಕಿ ಎದ್ದು ಬಂದು ತಂಬೂರಿಯ ಬುರುಡೆಯನ್ನು ಬೆರಳ ಗಂಟಿನಿಂದ ತಟ್ಟಿದಳು. ಕಿವಿಯಿಟ್ಟು ಕೇಳಿದಳು.

"ಬುರುಡೆ ಗಟ್ಟಿಯಾಗಿದೆ ಮಗಾ," ಎಂದಳು. "ಬಿರುಕು ನಿನ್ನ ಕೊರಳಲ್ಲಿದೆ. ಏರುವ ಕಡೆ ನೀನು ಏರುವುದಿಲ್ಲ. ಸದ್ದು ಮಾಡಿ ದಾಟಿಕೊಳ್ಳುತ್ತೀ."

"ಕಲ್ಲು ಒಡೆಯುವವಳು ನನಗೆ ಹಾಡು ಕಲಿಸುತ್ತೀಯಾ ಅಜ್ಜೀ?"

"ನಾನೆಲ್ಲಿ ಕಲಿಸಲಿ? ಕೇಳೋಣವೆಂದು ಇಷ್ಟು ವರ್ಷ ಕಾದಿದ್ದೆ, ಅಷ್ಟೇ."

ಹಾಡುಗಾರ ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಪಕ್ಕದ ಊರಿನ ಅಂಗಡಿಯವನು ಅವನನ್ನು ಬಹಳ ದಿನದಿಂದ ಕರೆಯುತ್ತಿದ್ದ. ಅಲ್ಲಿ ಹಾಡು ಇನ್ನೂ ತಡ, ಜನವೂ ಹೆಚ್ಚು, ಕೂಗೂ ಹೆಚ್ಚು. ಹೋಗಿದ್ದರೆ ಅವನ ಹೆಸರು ಹಾಗೇ ಉಳಿಯುತ್ತಿತ್ತು. ಅವನು ಆ ದಾರಿಯನ್ನು ಅರ್ಧ ನಡೆದ. ನಡೆಯುತ್ತ, ಯಾರೂ ಇಲ್ಲದ ಬಯಲಿನಲ್ಲಿ, ತಂತಿ ಮೀಟದೆ ಆ ಒಂದು ಸ್ವರಕ್ಕೆ ಕೊರಳು ಎತ್ತಿದ. ಏರಲಿಲ್ಲ. ಮತ್ತೆ ಎತ್ತಿದ. ಆಗಲೂ ಏರಲಿಲ್ಲ. ಹುಡುಗನಾಗಿದ್ದಾಗ ಅದೇ ಸ್ವರದಲ್ಲಿ ಅವನು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿದ್ದ.

ಅವನು ಅಲ್ಲೇ ದಾರಿಯಲ್ಲಿ ಕೂತು ಅತ್ತ. ಆಮೇಲೆ ಎದ್ದು ಬಂದ ದಾರಿಯಲ್ಲೇ ಹಿಂದಿರುಗಿದ.

ಬೆಳಗಾಗುವಾಗ ಮುದುಕಿ ಗಣಿಗೆ ಬಂದರೆ, ಬಂಡೆಯ ಮೇಲೆ ಹಾಡುಗಾರ ಕೂತಿದ್ದ. "ನೀನು ಕೆಲಸ ಮಾಡಜ್ಜೀ, ನಾನು ಹಾಡುತ್ತೇನೆ. ಕಿವಿ ಮಾತ್ರ ಇತ್ತ ಇಡು," ಎಂದ.

ಅವನು ಹಾಡಿದ. ಅವಳು ಕಲ್ಲು ಒಡೆದಳು.

"ಈಗ?" ಎಂದು ಕೇಳಿದ.

"ಇನ್ನೂ ಇಲ್ಲ."

ಹೀಗೆ ಒಂದು ಬೇಸಗೆ ಪೂರ್ತಿ ನಡೆಯಿತು. ದಿನವೂ ಅವನು ಕೇಳುತ್ತಿದ್ದ, ದಿನವೂ ಅವಳು ಇಲ್ಲವೆನ್ನುತ್ತಿದ್ದಳು. ಕನಿಕರಕ್ಕೂ ಒಮ್ಮೆ ಹೌದು ಎನ್ನಲಿಲ್ಲ. ಕೆಲಸದವರು ನಕ್ಕರು. ಇವನ ಹಾಡಿಗೆ ಕಲ್ಲೇ ಸೀಳುತ್ತಿದೆ, ನಮಗೆ ಕೆಲಸವೇ ಇಲ್ಲ ಎಂದರು. ಅವನು ಅದನ್ನೂ ಕೇಳಿಸಿಕೊಂಡು ಹಾಡಿದ. ದೊಡ್ಡ ಹೆಸರು ಹೊತ್ತವನು ಹಾಗೆ ನಗೆಗೆ ಕೊರಳೊಡ್ಡಿ ಕೂರುವುದು ಸಣ್ಣ ಮಾತಲ್ಲ. ಬಂಡೆ ಸೀಳುವುದಕ್ಕೂ ಅಷ್ಟು ಬಲ ಬೇಡ.

ಅಂಗಡಿಯವಳು ಬೇರೆ ಹಾಡುಗಾರನನ್ನು ಕರೆಸಲಿಲ್ಲ. ಹಾಡಿಲ್ಲವೆಂದು ಗಿರಾಕಿಗಳು ಗೊಣಗಿದರೆ, ಬೇಕಾದರೆ ಕುಡಿಯಿರಿ, ಬೇಡವಾದರೆ ನಡೆಯಿರಿ ಎಂದಳು.

ಮಳೆಗಾಲ ಹತ್ತಿರವಾದಾಗ ಒಂದು ಸಂಜೆ ಹಾಡುಗಾರ ಅಂಗಡಿಗೆ ಬಂದ. ಯಾರನ್ನೂ ಕೇಳದೆ ತಂಬೂರಿ ಬಿಚ್ಚಿದ. ಅಂಗಡಿಯವಳು ಆಗಷ್ಟೇ ದೀಪ ಹಚ್ಚಿದ್ದಳು. ಮೊದಲನೇ ಮಡಕೆಯಿಂದ ಕುಡಿಕೆಗಳು ತುಂಬುತ್ತಿದ್ದವು. ಮುದುಕಿ ತನ್ನ ಕುಡಿಕೆ ಹಿಡಿದು ಕೂತಳು.

ಮೇಲಿನ ಸ್ವರದ ಜಾಗ ಬಂದಾಗ ಅವನು ತಂತಿಯಿಂದ ಕೈ ತೆಗೆದ. ಬರಿಯ ಕೊರಳಲ್ಲಿ ಏರಿದ. ಏರಿ ಅಲ್ಲೇ ನಿಂತ.

ಯಾರೂ ಕೂಗಲಿಲ್ಲ. ಹಾಡು ಮುಗಿದ ಮೇಲೂ ಯಾರೂ ಏಳಲಿಲ್ಲ. ಮುದುಕಿಯ ಕುಡಿಕೆ ತುಂಬಿದ ಹಾಗೇ ಇತ್ತು. ಅದರ ನೊರೆ ಎಂದೋ ಇಳಿದುಹೋಗಿತ್ತು.

ಹಾಡುಗಾರ ಅವಳ ಕಡೆ ನೋಡಿದ. ಈ ಸಲ ಅವನು ಏನೂ ಕೇಳಲಿಲ್ಲ.

"ಇನ್ನೊಂದು ಹಾಡು ಮಗಾ," ಎಂದಳು ಮುದುಕಿ. "ನಾಳೆ ಬಂಡೆ ಕಾದರೂ ಚಿಂತೆಯಿಲ್ಲ."

ಗುರುತಾಯಿ ಕತೆ ನಿಲ್ಲಿಸಿದರು. ಪ್ರಶ್ನೆ ಕೇಳಿದ ಶಿಷ್ಯ ಉತ್ಸಾಹದಿಂದ ತಲೆಯಾಡಿಸಿದ.

"ತಿಳಿಯಿತು ಅವ್ವಾ. ಮೈಮರೆತವರನ್ನು ಮೆಚ್ಚಿಸಿ ಅವನು ತಾನೇ ದೊಡ್ಡವನೆಂದುಕೊಂಡಿದ್ದ. ಎಂಥ ಹೆಡ್ಡ!" ಎಂದು ನಕ್ಕ.

ಗುರುತಾಯಿ ಅವನನ್ನೇ ನೋಡಿ ಹೇಳಿದರು:

"ನಾಳೆಯಿಂದ ನಿನ್ನ ಪ್ರವಚನ ಊಟವಾದ ಮೇಲೆ ಬೇಡ, ಊಟಕ್ಕೆ ಮೊದಲೇ ಇರಲಿ."